ಯೂಟಾದ ಕಣಿವೆಗಳಲ್ಲಿ ಪ್ರಿನ್ಸಸ್ ಪ್ಲೂಮ್: ಬೆಳೆದ ಜಾಗವನ್ನು ಸರಿಯಾಗಿ ದಾಖಲಿಸುವುದು ಹೇಗೆ?

ಕೆಂಪುಬಂಡೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಚಳಿ ಮುಗಿದರೆ ಸಾಕು, ರಜೆ ಸಿಕ್ಕಾಗಲೆಲ್ಲ ಮೋಯಾಬ್ ಕಡೆಗೆ ಹೊರಡುತ್ತೇನೆ. ಮೇ ತಿಂಗಳಲ್ಲಿ ಅಲ್ಲಿ ಒಂದು ಹೂ ಎಲ್ಲರ ಕಣ್ಣಿಗೂ ಬೀಳುತ್ತದೆ. ಎದೆಯೆತ್ತರದ ಗಿಡ, ತುದಿಯಲ್ಲಿ ಮೊಳದುದ್ದ ಹಳದಿ ಹೂಗೊಂಚಲು. ಪ್ರಿನ್ಸಸ್ ಪ್ಲೂಮ್ ಅನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಸ್ಟ್ಯಾನ್ಲಿಯಾ ಪಿನ್ನಾಟಾ, ಸಾಸಿವೆ ಕುಟುಂಬದ್ದು. ಸುತ್ತ ಕೆಂಪು ಬಂಡೆ, ನೀರಿಲ್ಲ, ನೆರಳಿಲ್ಲ. ಅಂಥ ಕಡೆ ಇದು ಹೇಗೆ ಇಷ್ಟು ಗೆಲುವಾಗಿ ನಿಂತಿರುತ್ತದೆ ಅನ್ನೋದೇ ನನಗೆ ಆಶ್ಚರ್ಯ.

ಕಂಡಲ್ಲೆಲ್ಲ ಫೋಟೋ ತೆಗೆದು, ಗಿಡ, ಪ್ರಾಣಿ ಕಂಡ ಜಾಗವನ್ನು ಯಾರು ಬೇಕಾದರೂ ದಾಖಲಿಸಬಹುದಾದ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕುತ್ತಿದ್ದೇನೆ. ಆದರೆ ಜಾಗದ ವಿಷಯದಲ್ಲಿ ತಲೆನೋವು. ಕಿರಿದಾದ ಕಣಿವೆಯೊಳಗೆ ನಿಂತು ತೆಗೆದ ಫೋಟೋಗಳನ್ನು ನಕ್ಷೆಯಲ್ಲಿ ನೋಡಿದರೆ ಒಂದು ಚುಕ್ಕೆ ಎದುರು ಗೋಡೆಯ ಮೇಲಿದೆ, ಇನ್ನೊಂದು ಬಂಡೆಯ ನೆತ್ತಿಯ ಮೇಲಿದೆ. ನಾನು ನಿಂತಿದ್ದು ಕೆಳಗೆ, ಒಣಹಳ್ಳದ ದಂಡೆಯಲ್ಲಿ. ಹಳ್ಳದ ಬೂದುಮಣ್ಣಲ್ಲಿ ಬೆಳೆದ ಗಿಡ ಮೇಲಿನ ಮರಳುಗಲ್ಲಲ್ಲಿ ಬೆಳೆದಿದೆ ಅಂತ ದಾಖಲಾದರೆ ಮುಂದೆ ಅದನ್ನು ನೋಡುವವರಿಗೆ ಏನು ಪ್ರಯೋಜನ?

ಇದನ್ನು ಸರಿ ಮಾಡೋದು ಹೇಗೆ? ನಿಖರ ಜಾಗವನ್ನು ಎಲ್ಲರಿಗೂ ಕಾಣುವ ಹಾಗೆ ಬಿಡಬೇಕಾ, ಮರೆಮಾಡಬೇಕಾ? ಫೋಟೋ, ತಾರೀಕು ಬಿಟ್ಟು ಇನ್ನೇನು ಬರೆದಿಡಬೇಕು? ಗೊತ್ತಿರುವವರು ಹೇಳಿ.

ಡೆನ್ವರ್‌ಕನ್ನಡತಿ:
ಗ್ರ್ಯಾಂಡ್ ಜಂಕ್ಷನ್‌ನಿಂದ ಯೂಟಾ ಗಡಿ ದಾಟುವಾಗ ಹೆದ್ದಾರಿ ಪಕ್ಕದಲ್ಲೇ ಸಾಲುಸಾಲು ಇರ್ತವೆ! ಇಷ್ಟು ದಿನ ಹೆಸರೇ ಗೊತ್ತಿರಲಿಲ್ಲ, ಥ್ಯಾಂಕ್ಸ್.

ನಕ್ಷೆಗಾರ:
ನನ್ನ ಕೆಲಸವೇ ಜಿಪಿಎಸ್ ಮತ್ತು ನಕ್ಷೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಬಯಲಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಹೇಳುತ್ತದೆ. ಕಣಿವೆಯಲ್ಲಿ ಎರಡು ತೊಂದರೆ. ಒಂದು, ಆಕಾಶ ಒಂದು ಪಟ್ಟಿಯಷ್ಟೇ ಕಾಣುವುದರಿಂದ ಸಿಗುವ ಉಪಗ್ರಹಗಳು ಕಡಿಮೆ. ಇನ್ನೊಂದು, ಸಂಕೇತ ಬಂಡೆಗೆ ಬಡಿದು ತಿರುಗಿ ಫೋನಿಗೆ ಬರುತ್ತದೆ. ಬಳಸು ದಾರಿಯಲ್ಲಿ ಬಂದದ್ದನ್ನು ಫೋನು ನೇರವಾಗಿ ಬಂತು ಅಂತ ಲೆಕ್ಕ ಹಾಕುತ್ತದೆ. ಅದಕ್ಕೇ ಚುಕ್ಕೆ ಎದುರು ಗೋಡೆಗೆ ಹಾರುವುದು. ಹತ್ತಾರು ಮೀಟರ್ ತಪ್ಪುವುದು ಅಲ್ಲಿ ಮಾಮೂಲಿ.

ಮೊಬೈಲ್ ನೆಟ್‌ವರ್ಕ್ ಇಲ್ಲದ ಕಡೆ ಜಿಪಿಎಸ್ ಕೆಲಸ ಮಾಡಲ್ಲ ಅಂದುಕೊಳ್ಳಬೇಡಿ. ಮಾಡುತ್ತದೆ. ಆದರೆ ಮೊದಲ ಸಲ ಜಾಗ ಹಿಡಿಯಲು ಜಾಸ್ತಿ ಹೊತ್ತು ಬೇಕು. ಫೋನ್ ಜೇಬಿನಿಂದ ತೆಗೆದ ತಕ್ಷಣ ಫೋಟೋ ಹೊಡೆದರೆ ಎಷ್ಟೋ ಸಲ ಹಿಂದಿನ ತಿರುವಿನ ಜಾಗವೇ ಅಂಟಿಕೊಂಡು ಬರುತ್ತದೆ. ನಕ್ಷೆಯ ಆಪ್ ತೆರೆದು, ನೀಲಿ ಚುಕ್ಕೆ ಕುಣಿಯುವುದು ನಿಲ್ಲುವ ತನಕ ಕಾಯಿರಿ. ಆಮೇಲೆ ಫೋಟೋ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ.

ಐನ್ಯಾಚುರಲಿಸ್ಟ್‌ನಲ್ಲಿ ಚುಕ್ಕೆಯನ್ನು ಕೈಯಿಂದ ಸರಿಸಬಹುದು. ಉಪಗ್ರಹ ಚಿತ್ರ ಹಾಕಿಕೊಂಡು ಹಳ್ಳದ ತಿರುವು, ದೊಡ್ಡ ಬಂಡೆ, ಒಂಟಿ ಜುನಿಪರ್ ಮರ ಹುಡುಕಿ, ನಿಂತ ಜಾಗಕ್ಕೆ ಚುಕ್ಕೆ ತನ್ನಿ. ಅದಕ್ಕಿಂತ ಮುಖ್ಯ ಚುಕ್ಕೆಯ ಸುತ್ತ ಇರುವ ವೃತ್ತ. "ಗಿಡ ಇದರೊಳಗೆ ಎಲ್ಲೋ ಇದೆ" ಅಂತ ನೀವು ಕೊಡುವ ಮಾತು ಅದು. ನಿಜವಾಗಿ 60 ಮೀಟರ್ ಅನುಮಾನ ಇದ್ದರೆ 60 ಅಂತಲೇ ಹಾಕಿ. ಸುಮ್ನೆ 5 ಅಂತ ಬಿಟ್ಟರೆ ಓದುವವರಿಗೆ ಸುಳ್ಳು ಹೇಳಿದ ಹಾಗೆ. ಮುಂದೆ ಜಿಬಿಐಎಫ್ ಅನ್ನುವ ಜಾಗತಿಕ ಸಂಗ್ರಹಕ್ಕೆ ದಾಖಲೆ ಹೋದಾಗ ಈ ಅಂಕಿಯೂ ಜೊತೆಗೆ ಹೋಗುತ್ತದೆ. ಸಂಶೋಧಕರು ಮೊದಲು ನೋಡುವುದು ಅದನ್ನೇ.

ಎಲೆಹಸಿರು:
ಜಾಗದ ಮಾತು ಆಮೇಲೆ. ಗಿಡ ಅದೇ ಅಂತ ಹೇಗೆ ಗೊತ್ತಾಯ್ತು ಸರ್? ಅದೇ ಕಣಿವೆಗಳಲ್ಲಿ ಯೆಲ್ಲೋ ಬೀ ಪ್ಲಾಂಟ್ ಅಂತ ಇನ್ನೊಂದಿದೆ, ಪೆರಿಟೋಮಾ ಲೂಟಿಯಾ. ಅದಕ್ಕೂ ಹಳದಿ ಹೂಗೊಂಚಲು, ಹೊರಗೆ ಚಾಚಿದ ಉದ್ದ ಕೇಸರಗಳು, ತೊಟ್ಟಿನ ಮೇಲೆ ನಿಂತ ಕಾಯಿ. ದೂರದಿಂದ ಒಂದೇ ಥರ ಕಾಣುತ್ತವೆ. ಫ್ರೆಡರಿಕ್ ಪರ್ಷ್ ಅನ್ನುವ ಸಸ್ಯಶಾಸ್ತ್ರಜ್ಞ ನಿಮ್ಮ ಪ್ರಿನ್ಸಸ್ ಪ್ಲೂಮ್ ಅನ್ನು ಮೊದಲು ವರ್ಣಿಸಿದಾಗ ಬೀ ಪ್ಲಾಂಟ್‌ನ ನೆಂಟರಿರುವ ಕ್ಲಿಯೋಮ್ ಗುಂಪಿಗೇ ಸೇರಿಸಿದ್ದ. 1818ರಲ್ಲಿ ಥಾಮಸ್ ನಟ್ಟಾಲ್ ಅದಕ್ಕೆ ಸ್ಟ್ಯಾನ್ಲಿಯಾ ಅಂತ ಬೇರೆ ಕುಲವನ್ನೇ ಮಾಡಿದ.

ಎಲೆ ನೋಡಿದರೆ ಗೊತ್ತಾಗುತ್ತದೆ. ಬೀ ಪ್ಲಾಂಟ್‌ನಲ್ಲಿ ಕಿರುಎಲೆಗಳು ಒಂದೇ ಬಿಂದುವಿನಿಂದ ಅಂಗೈ ಬೆರಳಿನ ಹಾಗೆ ಹರಡಿರುತ್ತವೆ. ಪ್ರಿನ್ಸಸ್ ಪ್ಲೂಮ್‌ನ ಕೆಳಗಿನ ಎಲೆಗಳು ನಡುನರದ ಎರಡೂ ಕಡೆ ಗರಿಯಂತೆ ಸೀಳಿರುತ್ತವೆ. ಬೀ ಪ್ಲಾಂಟ್ ಒಂದು ವರ್ಷ ಬಾಳುವ ಗಿಡ. ಇದು ಬಹುವಾರ್ಷಿಕ, ಬುಡ ಕಟ್ಟಿಗೆಯಂತೆ ಗಟ್ಟಿ.

ಹಾಗಾಗಿ ಬರೀ ಹೂವಿನ ಚಂದದ ಫೋಟೋ ಸಾಲದು. ಇಡೀ ಗಿಡ, ಬುಡ, ಕೆಳಗಿನ ಎಲೆ, ಒಂದು ಹೂ ಹತ್ತಿರದಿಂದ, ಕಾಯಿ. ಇಷ್ಟು ಇದ್ದರೆ ಗುರುತಿಸುವವರಿಗೆ ಕಷ್ಟವಿಲ್ಲ. ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುವುದರಿಂದ ಒಂದೇ ಗೊಂಚಲಲ್ಲಿ ಕೆಳಗೆ ಕಾಯಿ, ನಡುವೆ ಹೂ, ತುದಿಯಲ್ಲಿ ಮೊಗ್ಗು ಸಿಗುತ್ತವೆ.

ಕೆಂಪುಬಂಡೆ:
ಎಲೆಹಸಿರು ಮೇಡಂ, ನನ್ನ ಹತ್ತಿರ ಎಲೆಯ ಫೋಟೋ ಇದೆ. ಗರಿಯಂತೆ ಸೀಳಿರುವುದೇ. ಬುಡವೂ ಗಟ್ಟಿ, ಹೋದ ವರ್ಷದ ಒಣಕಡ್ಡಿಗಳು ಇನ್ನೂ ನಿಂತಿದ್ದವು. ಒಂದು ಕಡೆ ಮಾತ್ರ ಹೂ ಹಳದಿಯಲ್ಲ, ಬಿಳಿಗೆ ಹತ್ತಿರ ಇತ್ತು. ಬಿಸಿಲಿಗೆ ಬಣ್ಣ ಹೋಗಿರಬಹುದಾ?

ಎಲೆಹಸಿರು:
ಎಲ್ಲಿ? ಯೂಟಾ, ಕೊಲೊರಾಡೋ, ಅರಿಜೋನಾ, ನ್ಯೂ ಮೆಕ್ಸಿಕೋ ಸೇರುವ ಫೋರ್ ಕಾರ್ನರ್ಸ್ ಕಡೆ ಆಗಿದ್ದರೆ ಅದು ಸ್ಟ್ಯಾನ್ಲಿಯಾ ಆಲ್ಬೆಸೆನ್ಸ್ ಇರಬಹುದು. ಬಿಳಿ ಪ್ರಿನ್ಸಸ್ ಪ್ಲೂಮ್, ಬೇರೆಯೇ ಪ್ರಭೇದ. ಅದನ್ನು ದಯವಿಟ್ಟು ಪ್ರತ್ಯೇಕವಾಗಿ ಹಾಕಿ. ಹಳದಿಯದರ ಜೊತೆ ಸೇರಿಸಬೇಡಿ.

ಕೆಂಪುಬಂಡೆ:
ಹೌದು, ಬ್ಲಫ್ ಪಟ್ಟಣದಿಂದ ದಕ್ಷಿಣಕ್ಕೆ. ಪ್ರತ್ಯೇಕವಾಗಿ ಹಾಕುತ್ತೇನೆ.

ಧಾರವಾಡದಂವ:
ನಮ್ಮ ಹೊಲದಾಗಿನ ನಾಯಿ ಸಾಸಿವಿನೂ ಹಂಗೇ ನೋಡ್ರಿ. ಹಳದಿ ಹೂ, ಬೆರಳಿನಂಗ ಎಲಿ, ಮುಟ್ಟಿದ್ರ ಅಂಟು. ಎಲ್ಲಾರೂ ಸಾಸಿವಿ ಜಾತಿ ಅಂತಾರ.

ಎಲೆಹಸಿರು:
ನಾಯಿ ಸಾಸಿವೆ ಕ್ಲಿಯೋಮ್ ಗುಂಪಿನದು ಅಣ್ಣಾ. ಯೂಟಾದ ಬೀ ಪ್ಲಾಂಟ್‌ಗೆ ಹತ್ತಿರದ ನೆಂಟ. ಸಾಸಿವೆ ಕುಟುಂಬಕ್ಕೆ ಪಕ್ಕದ ಕುಟುಂಬ ಅದು. ಪರ್ಷ್ ಗೊಂದಲಕ್ಕೆ ಬಿದ್ದದ್ದರಲ್ಲಿ ಅರ್ಥವಿದೆ.

ಭೂಪದರ:
ಗಿಡದ ಮಾತು ಆಯ್ತು, ನೆಲದ ಮಾತು ಯಾರೂ ಆಡಲಿಲ್ಲವಲ್ಲ! ಈ ಹೂವಿನ ವಿಷಯದಲ್ಲಿ ಅದೇ ಮುಖ್ಯ.

ಪ್ರಿನ್ಸಸ್ ಪ್ಲೂಮ್ ಎಲ್ಲೆಂದರಲ್ಲಿ ಬೆಳೆಯುವುದಿಲ್ಲ. ಸೆಲೆನಿಯಮ್ ಇರುವ ಮಣ್ಣು ಅದಕ್ಕೆ ಇಷ್ಟ. ಸೆಲೆನಿಯಮ್ ರಾಸಾಯನಿಕವಾಗಿ ಗಂಧಕದ ತಮ್ಮ ಇದ್ದ ಹಾಗೆ. ಸಾಸಿವೆ ಕುಟುಂಬದ ಗಿಡಗಳು ಗಂಧಕವನ್ನು ಜಾಸ್ತಿ ಹೀರುತ್ತವೆ, ಸಾಸಿವೆಯ ಖಾರಕ್ಕೆ ಕಾರಣವೇ ಗಂಧಕದ ಸಂಯುಕ್ತಗಳು. ಅದೇ ಬಾಗಿಲಿನಿಂದ ಸೆಲೆನಿಯಮ್ ಕೂಡ ಒಳಗೆ ಹೋಗುತ್ತದೆ. ಹೆಚ್ಚಿನ ಗಿಡಗಳಿಗೆ ಅದು ಜಾಸ್ತಿಯಾದರೆ ವಿಷ. ಸ್ಟ್ಯಾನ್ಲಿಯಾ ಆದರೋ ಗಂಧಕಕ್ಕಿಂತ ಸೆಲೆನಿಯಮ್‌ಗೇ ಆದ್ಯತೆ ಕೊಟ್ಟು ಹೀರುತ್ತದೆ. ಅದನ್ನು ತನಗೆ ತೊಂದರೆ ಆಗದ ರೂಪಕ್ಕೆ ಬದಲಾಯಿಸಿ ಎಲೆ, ಹೂಗಳಲ್ಲಿ ಕೂಡಿಡುತ್ತದೆ. ಒಣತೂಕದ ಒಂದು ಕಿಲೋಗೆ ಒಂದು ಗ್ರಾಂಗಿಂತ ಹೆಚ್ಚು ಕೂಡಿಡಬಲ್ಲದು.

ಆ ಸೀಮೆಯಲ್ಲಿ ಸೆಲೆನಿಯಮ್ ಎಲ್ಲಿ ಸಿಗುತ್ತದೆ? ಮ್ಯಾಂಕೋಸ್ ಶೇಲ್ ಅನ್ನುವ ಬೂದು ಜೇಡಿಪದರದಲ್ಲಿ. ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಶಿಯಸ್ ಕಾಲದಲ್ಲಿ ಅಲ್ಲಿ ಸಮುದ್ರ ಇತ್ತು, ಅದರ ತಳದ ಕೆಸರು ಅದು. ಗ್ರೀನ್ ರಿವರ್‌ನಿಂದ ಗ್ರ್ಯಾಂಡ್ ಜಂಕ್ಷನ್ ತನಕ ಬುಕ್ ಕ್ಲಿಫ್ಸ್ ಬುಡದಲ್ಲಿ ಕಾಣುವ ಬೋಳು ಬೂದು ಗುಡ್ಡಗಳು ಅವೇ. ಡೆನ್ವರ್‌ಕನ್ನಡತಿ ಅವರು ಹೆದ್ದಾರಿ ಪಕ್ಕ ಸಾಲುಸಾಲು ನೋಡಿದ್ದು ಇದಕ್ಕೇ. ಮಾರಿಸನ್, ಚಿನ್ಲೆ ಅನ್ನುವ ಬಂಡೆಪದರಗಳಲ್ಲೂ ಇದೆ. ಈ ಎರಡರಲ್ಲೇ ಯುರೇನಿಯಂ ಅದಿರೂ ಸಿಕ್ಕಿದ್ದು.

ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನಲ್ಲಿ ಹೆಲೆನ್ ಕ್ಯಾನನ್ ಅಂತ ವಿಜ್ಞಾನಿ ಇದ್ದರು. ಯುರೇನಿಯಂಗಾಗಿ ಜನ ಈ ಕಣಿವೆಗಳನ್ನು ಜಾಲಾಡುತ್ತಿದ್ದ ಕಾಲದಲ್ಲಿ, ಅವರು ಗಿಡ ನೋಡಿ ಅದಿರು ಹುಡುಕುವ ವಿಧಾನವನ್ನು ಪರೀಕ್ಷಿಸಿದರು. ಯೂಟಾದ ಥಾಂಪ್ಸನ್ ಊರಿನ ಹತ್ತಿರದ ಯೆಲ್ಲೋ ಕ್ಯಾಟ್ ಅನ್ನುವ ಜಾಗದಲ್ಲಿ ಕೆಲಸ. ಅಲ್ಲಿನ ಅದಿರಿನ ಜೊತೆ ಸೆಲೆನಿಯಮ್ ಬರುತ್ತದೆ. ಸೆಲೆನಿಯಮ್ ಬೇಡುವ ಗಿಡ ಗುಂಪಾಗಿ ಕಂಡರೆ ಕೆಳಗೆ ಅದಿರು ಇರಬಹುದು. ಆ ಸೂಚಕ ಗಿಡಗಳ ಪಟ್ಟಿಯಲ್ಲಿ ಬಟಾಣಿ ಕುಟುಂಬದ ಕೆಲವು ಆಸ್ಟ್ರಾಗಲಸ್‌ಗಳ ಜೊತೆ ಪ್ರಿನ್ಸಸ್ ಪ್ಲೂಮ್ ಕೂಡ ಇತ್ತು. 1957ರಲ್ಲಿ ಅವರ ವರದಿ ಬಂತು.

ಆದ್ದರಿಂದ ಕೆಂಪುಬಂಡೆ ಅವರೇ, ನಿಮ್ಮ ಚುಕ್ಕೆ ಒಂದು ಪದರದಿಂದ ಇನ್ನೊಂದಕ್ಕೆ ಜರುಗಿದರೆ ಆ ದಾಖಲೆಯ ಜೀವವೇ ಹೋದ ಹಾಗೆ. ನೆಲದ ಬಣ್ಣ, ಜೇಡಿಯೋ ಮರಳೋ, ಇಳಿಜಾರೋ ಹಳ್ಳದ ತಳವೋ, ಎರಡು ಸಾಲು ಬರೆಯಿರಿ. ಬುಡದ ಮಣ್ಣಿನ ಒಂದು ಫೋಟೋ ಹಾಕಿ. ಪದರದ ಹೆಸರು ಗೊತ್ತಿಲ್ಲದಿದ್ದರೆ ಬೇಡ, ಕಂಡದ್ದನ್ನು ಬರೆದರೆ ಸಾಕು.

ಕೆಂಪುಬಂಡೆ:
ಅಬ್ಬಾ! ಹಾಗಾದರೆ ಅದು ಬಂಡೆಯಲ್ಲಿ ಕಷ್ಟಪಟ್ಟು ಬದುಕುತ್ತಿಲ್ಲ, ತನಗೆ ಬೇಕಾದ ಕಡೆಯೇ ಬೆಳೆದಿದೆ. ನನ್ನ ಹಳೆಯ ಫೋಟೋಗಳನ್ನು ಮತ್ತೆ ನೋಡಿದೆ. ಬಹುತೇಕ ಎಲ್ಲದರಲ್ಲೂ ಬುಡದಲ್ಲಿ ಬೂದು ಅಥವಾ ಹಸಿರುಬೂದು ಮಣ್ಣಿದೆ. ಕೆಂಪು ಮರಳುಗಲ್ಲು ಹಿನ್ನೆಲೆಯಲ್ಲಿ ಮಾತ್ರ.

ಭೂಪದರ:
ಹಸಿರುಬೂದು ಅಂದರೆ ಮಾರಿಸನ್ ಇರಬಹುದು. ನೋಡಿ, ಹೀಗೆ ಒಂದು ಸಾಲು ಬರೆದರೆ ಎಷ್ಟು ಗೊತ್ತಾಗುತ್ತದೆ!

ಸೊಪ್ಪುಸಾರು:
ಸಾಸಿವೆ ಜಾತಿ ಅಂದ್ರೆ ಎಲೆ ಪಲ್ಯ ಮಾಡಬಹುದಲ್ವಾ? ಅಲ್ಲಿನ ಮೂಲನಿವಾಸಿಗಳು ತಿಂತಿದ್ರು ಅಂತ ಎಲ್ಲೋ ಓದಿದ್ದೆ.

ಭೂಪದರ:
ಬೇಡ ಅಕ್ಕಾ, ದಯವಿಟ್ಟು ಬೇಡ. ಕೆಲವು ಬುಡಕಟ್ಟುಗಳು ಎಳೆಯ ಎಲೆಯನ್ನು ಕುದಿಸಿ, ನೀರು ಚೆಲ್ಲಿ, ಮತ್ತೆ ಕುದಿಸಿ ತಿನ್ನುತ್ತಿದ್ದುದು ನಿಜ. ಅದು ಅವರು ತಲೆಮಾರುಗಳಿಂದ ಕಲಿತ ವಿದ್ಯೆ. ನಾವು ಹೋಗಿ ಕಿತ್ತು ಒಗ್ಗರಣೆ ಹಾಕುವಂಥದ್ದಲ್ಲ. ಸೆಲೆನಿಯಮ್ ಜಾಸ್ತಿಯಾದರೆ ಕೂದಲು, ಉಗುರು ಉದುರುತ್ತವೆ. ಸೆಲೆನಿಯಮ್ ಗಿಡ ಮೇಯ್ದ ದನ, ಕುದುರೆಗಳ ಗೊರಸು ಹಾಳಾಗುತ್ತದೆ. ಕ್ಯಾಲಿಫೋರ್ನಿಯಾದ ಕೆಸ್ಟರ್‌ಸನ್ ಕೆರೆಗಳಿಗೆ ಹೊಲಗಳ ಬಸಿನೀರಿನ ಜೊತೆ ಸೆಲೆನಿಯಮ್ ಬಂದು ಸೇರಿ, 1983ರಲ್ಲಿ ನೀರುಹಕ್ಕಿಗಳ ಮರಿಗಳು ಅಂಗವಿಕಲವಾಗಿ ಹುಟ್ಟಿದ್ದು ಪತ್ತೆಯಾಯಿತು. ಈ ಧಾತುವಿನ ಜೊತೆ ಆಟ ಬೇಡ.

ಸೊಪ್ಪುಸಾರು:
ಅಯ್ಯೋ, ಗೊತ್ತಿರಲಿಲ್ಲ. ಕೇಳಿದ್ದು ಒಳ್ಳೇದಾಯ್ತು.

ನಕ್ಷೆಗಾರ:
ನ್ಯಾಷನಲ್ ಪಾರ್ಕ್ ಒಳಗೆ ಅನುಮತಿ ಇಲ್ಲದೆ ಹೂ, ಎಲೆ ಕೀಳುವುದೇ ಕಾನೂನುಬಾಹಿರ ಅನ್ನೋದೂ ನೆನಪಿರಲಿ. ಫೋಟೋ ಸಾಕು.

ಕೋಸುಬೆಳೆಗಾರ:
ನಾನು ಕೋಲಾರದವನು, ಕೋಸು ಹೂಕೋಸು ಬೆಳೆಯುತ್ತೇನೆ. ಈ ಗಿಡ ಹುಳಕ್ಕೂ ವಿಷ ಅಂದರೆ ಅದಕ್ಕೆ ಹುಳದ ಕಾಟವೇ ಇಲ್ವಾ? ನಮಗೆ ಡೈಮಂಡ್ ಬ್ಯಾಕ್ ಪತಂಗದ ಹುಳ ಸಾಕುಸಾಕು ಮಾಡಿಬಿಟ್ಟಿದೆ.

ಎಲೆಹಸಿರು:
ಒಳ್ಳೆ ಪ್ರಶ್ನೆ ಸರ್. ನಿಮ್ಮ ಕೋಸು ತಿನ್ನುವ ಅದೇ ಪತಂಗ ಸ್ಟ್ಯಾನ್ಲಿಯಾ ಮೇಲೂ ಸಿಕ್ಕಿದೆ! ಸಾಮಾನ್ಯ ಹುಳ ಸೆಲೆನಿಯಮ್ ತುಂಬಿದ ಎಲೆ ತಿಂದರೆ ಸಾಯುತ್ತದೆ. ಆದರೆ ಅದನ್ನು ತಡೆದುಕೊಳ್ಳುವ ಒಂದು ತಳಿ ಈ ಗಿಡದ ಮೇಲೆ ಬದುಕುತ್ತಿರುವುದನ್ನು ಕೊಲೊರಾಡೋ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು 2006ರಲ್ಲಿ ಪ್ರಕಟಿಸಿದರು. ಅಷ್ಟೇ ಅಲ್ಲ, ಆ ಹುಳದೊಳಗೆ ಮೊಟ್ಟೆಯಿಡುವ ಪುಟ್ಟ ಕಣಜವೂ ಸೆಲೆನಿಯಮ್ ತಡೆದುಕೊಳ್ಳುತ್ತದೆ. ಗಿಡದ ಕಾವಲನ್ನು ದಾಟಿ ಹುಳ ಬಂತು, ಅದರ ಹಿಂದೆಯೇ ಅದರ ಶತ್ರು ಬಂತು.

ಕೋಸುಬೆಳೆಗಾರ:
ಔಷಧಿ ಹೊಡೆದರೆ ಆರು ತಿಂಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುವ ಹುಳ ಅದು. ಸೆಲೆನಿಯಮ್‌ಗೂ ಒಗ್ಗಿದೆ ಅಂದರೆ ನಂಬುತ್ತೇನೆ.

ಎಲೆಹಸಿರು:
ಹಾಗಾಗಿ ಗಿಡದ ಮೇಲೆ ಹುಳ, ಜೇನು, ಜೀರುಂಡೆ ಏನು ಕಂಡರೂ ಒಂದು ಫೋಟೋ ಇರಲಿ. ಅದನ್ನು ಬೇರೆ ದಾಖಲೆಯಾಗಿ ಹಾಕಿ, ಯಾವ ಗಿಡದ ಮೇಲಿತ್ತು ಅಂತ ಬರೆಯಿರಿ.

ದಾರಿಹೋಕ:
ನನ್ನದು ಬೇರೆ ಅಭಿಪ್ರಾಯ. ಜಾಗವನ್ನು ಎಲ್ಲರಿಗೂ ತೋರಿಸಲೇಬೇಡಿ. ಒಂದು ಚಂದದ ಜಾಗದ ಗುರುತು ಸೋಷಿಯಲ್ ಮೀಡಿಯಾದಲ್ಲಿ ಬಂದರೆ ಮರುವಾರ ಅಲ್ಲಿ ಕಾರುಗಳ ಸಾಲು. ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳಲು ಗಿಡಗಳನ್ನು ತುಳಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಮರೆಮಾಡುವ ಸೌಲಭ್ಯ ಇರುವಾಗ ಬಳಸಲು ಏನು ಕಷ್ಟ?

ನಕ್ಷೆಗಾರ:
ಕಷ್ಟ ಇದೆ. ಐನ್ಯಾಚುರಲಿಸ್ಟ್‌ನಲ್ಲಿ ಮರೆಮಾಡಿದರೆ ಚುಕ್ಕೆಯನ್ನು 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸುತ್ತದೆ. ಮೋಯಾಬ್ ಅಕ್ಷಾಂಶದಲ್ಲಿ ಅದು ಉತ್ತರ ದಕ್ಷಿಣಕ್ಕೆ ಸುಮಾರು 22 ಕಿಲೋಮೀಟರ್, ಪೂರ್ವ ಪಶ್ಚಿಮಕ್ಕೆ ಸುಮಾರು 17. ಆ ಚೌಕದಲ್ಲಿ ನದಿ, ಕಣಿವೆ, ಹತ್ತು ಪದರ, ಅರ್ಧ ಪಟ್ಟಣ ಎಲ್ಲ ಬರುತ್ತವೆ. ಭೂಪದರ ಅವರು ಹೇಳಿದ ಮಣ್ಣಿನ ಲೆಕ್ಕಕ್ಕೆ ಅಂಥ ದಾಖಲೆ ಉಪಯೋಗಕ್ಕೇ ಬರುವುದಿಲ್ಲ.

ದಾರಿಹೋಕ:
ಸಂಶೋಧಕರು ಬೇಕಾದರೆ ಕೇಳಿ ಪಡೆಯಲಿ. ಗಿಡ ಉಳಿಯುವುದು ಮುಖ್ಯವೋ ಲೆಕ್ಕ ಮುಖ್ಯವೋ?

ನಕ್ಷೆಗಾರ:
ಉಳಿಯಬೇಕು ಅಂದರೆ ಎಲ್ಲಿದೆ ಅಂತ ಗೊತ್ತಿರಬೇಕಲ್ವಾ? ರಸ್ತೆ ಅಗಲ ಮಾಡುವವರಿಗೆ, ಪೈಪ್ ಹಾಕುವವರಿಗೆ ಸುಲಭವಾಗಿ ಸಿಗುವುದು ಎಲ್ಲರಿಗೂ ಕಾಣುವ ದಾಖಲೆಗಳೇ. ಒಬ್ಬೊಬ್ಬರನ್ನೇ ಹುಡುಕಿ ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಇನ್ನು, ಪ್ರಿನ್ಸಸ್ ಪ್ಲೂಮ್ ಅಪರೂಪದ ಗಿಡವಲ್ಲ. ಪಶ್ಚಿಮದ ಅನೇಕ ರಾಜ್ಯಗಳಲ್ಲಿ ಬೆಳೆಯುತ್ತದೆ. ಯಾರೂ ಕದ್ದು ಮಾರುವುದಿಲ್ಲ. ಕಳ್ಳಕಾಕರ ಭಯ ಇರುವ ಕೆಲವು ಕಳ್ಳಿಗಳ ಜಾಗವನ್ನು ವ್ಯವಸ್ಥೆಯೇ ತಾನಾಗಿ ಮರೆಮಾಡುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನದಿಮುಖ:
ಇಬ್ಬರ ಮಾತಲ್ಲೂ ಬಿಟ್ಟುಹೋದ ಒಂದು ವಿಷಯ ಇದೆ. ಈ ಕಣಿವೆಗಳಲ್ಲಿ ಗಿಡ ಮಾತ್ರ ಇಲ್ಲ. ಬಂಡೆಯ ಮೇಲಿನ ಹಳೆಯ ಕೆತ್ತನೆಗಳು, ಕಲ್ಲು ಕಟ್ಟಿದ ಧಾನ್ಯದ ಗೂಡುಗಳು, ಮನೆಗಳ ಅವಶೇಷಗಳಿವೆ. ಅವು ಹೋಪಿ, ಜುನಿ ಮುಂತಾದ ಪ್ವೆಬ್ಲೊ ಜನರ ಪೂರ್ವಿಕರದು. ಮಡಕೆ ಚೂರು ಕದಿಯುವವರು ಇವತ್ತಿಗೂ ಇದ್ದಾರೆ. ಹೂವಿನ ಫೋಟೋದ ಹಿನ್ನೆಲೆಯಲ್ಲಿ ಅಂಥದ್ದೇನಾದರೂ ಕಂಡರೆ ಆ ಫೋಟೋ ಹಾಕಬೇಡಿ, ಇಲ್ಲವೇ ಆ ಒಂದು ದಾಖಲೆಯ ಜಾಗ ಮರೆಮಾಡಿ. ಹೂ ಮಾಮೂಲಿ ಇರಬಹುದು, ಪಕ್ಕದಲ್ಲಿರುವುದು ಮಾಮೂಲಿ ಅಲ್ಲ.

ನವಾಹೊ ಮೂಲನಿವಾಸಿಗಳ ಸ್ವಾಡಳಿತದ ಸೀಮೆಯಾದ ನವಾಹೊ ನೇಷನ್ ಒಳಗೆ ಹೋದರೆ ಅದು ಅವರ ನೆಲ, ಅವರ ನಿಯಮ. ಹೈಕಿಂಗ್‌ಗೆ, ಗಿಡ ಸಂಗ್ರಹಿಸಲು ಅವರ ಅನುಮತಿ ಬೇಕು. ಕೆಂಪುಬಂಡೆ ಅವರು ಬ್ಲಫ್‌ನಿಂದ ದಕ್ಷಿಣ ಅಂದರು. ಸ್ಯಾನ್ ವಾನ್ ನದಿ ದಾಟಿದರೆ ಅವರ ಗಡಿಯೇ.

ಕೆಂಪುಬಂಡೆ:
ಹೌದು, ನದಿ ದಾಟಿದ್ದೆ. ಮುಖ್ಯ ರಸ್ತೆಯ ಬದಿಯಲ್ಲಿ ನಿಂತು ತೆಗೆದ ಫೋಟೋ ಅದು, ಒಳಗೆ ಹೋಗಿಲ್ಲ. ಒಳಗೆ ಹೋಗುವುದಾದರೆ ಮೊದಲು ಅನುಮತಿ ತೆಗೆದುಕೊಳ್ಳುತ್ತೇನೆ.

ದಾರಿಹೋಕ:
ನದಿಮುಖ ಅವರ ಮಾತು ಒಪ್ಪುತ್ತೇನೆ. ಆದರೂ ತುಳಿತದ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಡೆನ್ವರ್‌ಕನ್ನಡತಿ:
ತುಳಿತ ಅಂದರೆ ಅಲ್ಲಿನ ಕಪ್ಪು ಮಣ್ಣಿನ ಪದರದ ಬಗ್ಗೆಯೂ ಹೇಳಲೇಬೇಕು. ಬುರುಬುರು ಉಬ್ಬಿದ ಹಾಗೆ ಕಾಣುವ ಕಪ್ಪು ಹೆಪ್ಪು ಅದು. ನೀಲಿಹಸಿರು ಬ್ಯಾಕ್ಟೀರಿಯಾ, ಕಲ್ಲುಹೂ, ಪಾಚಿ ಸೇರಿ ಮರಳನ್ನು ಹಿಡಿದಿಟ್ಟಿರುತ್ತವೆ. ಮಣ್ಣು ಗಾಳಿಗೆ ಹಾರದಂತೆ ತಡೆಯುತ್ತದೆ, ಗಿಡಗಳಿಗೆ ಸಾರಜನಕ ಕೊಡುತ್ತದೆ. ಒಂದು ಹೆಜ್ಜೆ ಇಟ್ಟರೆ ಪುಡಿ. ಮತ್ತೆ ಕೂಡಿಬರಲು ಹತ್ತಾರು ವರ್ಷ ಬೇಕು. ಪಾರ್ಕ್‌ನಲ್ಲಿ ರೇಂಜರ್‌ಗಳು ಎಲ್ಲರಿಗೂ ಇದನ್ನೇ ಹೇಳುತ್ತಾರೆ. ಗಿಡ ಆ ಹೆಪ್ಪಿನ ಆಚೆ ಇದ್ದರೆ ಜೂಮ್ ಮಾಡಿ ತೆಗೆಯಿರಿ. ಬಂಡೆ ಮೇಲೆ, ಹಳ್ಳದ ಮರಳಿನ ಮೇಲೆ, ಕಾಲುದಾರಿಯಲ್ಲಿ ಮಾತ್ರ ನಡೆಯಿರಿ.

ನಕ್ಷೆಗಾರ:
ದಾರಿಹೋಕ ಸರ್, ಇದೇ ನನ್ನ ಉತ್ತರವೂ. ದೂರದಿಂದ ತೆಗೆದಾಗ ಚುಕ್ಕೆ ನೀವು ನಿಂತ ಜಾಗದಲ್ಲಿರುತ್ತದೆ, ಗಿಡ ಇರುವಲ್ಲಿ ಅಲ್ಲ. ಆಗ ವೃತ್ತ ದೊಡ್ಡದು ಮಾಡಿ, "ದಾರಿಯಿಂದ 40 ಮೀಟರ್ ಪೂರ್ವಕ್ಕೆ" ಅಂತ ಬರೆದರೆ ಆಯ್ತು. ಗಿಡದ ಬುಡಕ್ಕೇ ಹೋಗಬೇಕಾಗಿಲ್ಲ.

ದಾರಿಹೋಕ:
ಸರಿ, ಪ್ರಿನ್ಸಸ್ ಪ್ಲೂಮ್ ಮಟ್ಟಿಗೆ ಬಿಟ್ಟೆ. ಅಪರೂಪದವುಗಳ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ.

ಹಳೆಗುರುತು:
ನಾನು ಹರ್ಬೇರಿಯಂ ಹಾಳೆಗಳ, ಅಂದರೆ ಒಣಗಿಸಿದ ಗಿಡ ಅಂಟಿಸಿಟ್ಟ ಹಾಳೆಗಳ, ಜಾಗ ಗುರುತಿಸುವ ಸ್ವಯಂಸೇವೆ ಮಾಡುತ್ತೇನೆ. ಹಳೆಯ ಲೇಬಲ್‌ಗಳಲ್ಲಿ ಜಾಗ ಅಂದರೆ ಒಂದು ಊರಿನ ಹೆಸರು, ಇಷ್ಟು ಮೈಲಿ, ಈ ದಿಕ್ಕು, ಅಷ್ಟೇ. ಆ ಮೈಲಿ ರಸ್ತೆಯಲ್ಲೋ ನೇರಗೆರೆಯಲ್ಲೋ ಗೊತ್ತಾಗಲ್ಲ. ರಸ್ತೆಯೇ ಆಮೇಲೆ ಬೇರೆ ಕಡೆ ಹೋಗಿರುತ್ತದೆ. ಆದರೂ ಆ ಜನರ ಮೇಲೆ ನನಗೆ ತುಂಬ ಗೌರವ. ಆಲಿಸ್ ಈಸ್ಟ್‌ವುಡ್ 1890ರ ದಶಕದಲ್ಲಿ ಯೂಟಾದ ಆಗ್ನೇಯ ಮೂಲೆಯಲ್ಲಿ ಕುದುರೆ ಮೇಲೆ ಓಡಾಡಿ ಗಿಡ ಸಂಗ್ರಹಿಸಿದರು. 1938ರಲ್ಲಿ ಎಲ್ಜಾಡಾ ಕ್ಲೋವರ್ ಮತ್ತು ಲೋಯಿಸ್ ಜಾಟರ್ ಅನ್ನುವ ಇಬ್ಬರು ಸಸ್ಯಶಾಸ್ತ್ರಜ್ಞೆಯರು ಗ್ರೀನ್ ರಿವರ್ ಪಟ್ಟಣದಿಂದ ದೋಣಿಯಲ್ಲಿ ಹೊರಟು ಗ್ರ್ಯಾಂಡ್ ಕ್ಯಾನಿಯನ್ ದಾಟಿ ಲೇಕ್ ಮೀಡ್ ತಲುಪಿದರು. ದಾರಿಯುದ್ದಕ್ಕೂ ಗಿಡಗಳನ್ನು ಪಟ್ಟಿ ಮಾಡಿದರು. 1963ರಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿ, ಅವರು ಹಾದುಹೋದ ದಂಡೆಗಳು ಎಷ್ಟೋ ಮುಳುಗಿದವು. ಅಲ್ಲಿ ಏನು ಬೆಳೆದಿತ್ತು ಅನ್ನುವುದಕ್ಕೆ ಆ ಕಾಲದ ಹಾಳೆಗಳೇ ಸಾಕ್ಷಿ. ನೈಋತ್ಯ ಅಮೆರಿಕದ ಹರ್ಬೇರಿಯಂಗಳ ಹಾಳೆಗಳು ಸೈನೆಟ್ ಅನ್ನುವ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಸ್ಟ್ಯಾನ್ಲಿಯಾ ಅಂತ ಹುಡುಕಿ ನೋಡಿ.

ಅಂಕಿ ಬರೆಯುವವರಿಗೆ ಎರಡು ಮಾತು. ಯೂಟಾದ ರೇಖಾಂಶ ಪಶ್ಚಿಮದ್ದು, ಮುಂದೆ ಮೈನಸ್ ಬರೆಯಲೇಬೇಕು. ಮೋಯಾಬ್‌ನ 109.55ರ ಮುಂದೆ ಮೈನಸ್ ಬಿಟ್ಟರೆ ಗಿಡ ಚೀನಾದಲ್ಲಿರುತ್ತದೆ. ಅಂಥ ದಾಖಲೆಗಳನ್ನು ತಿದ್ದುವುದೇ ನಮಗೆ ಒಂದು ಕೆಲಸ. ಇನ್ನೊಂದು, ಹಳೆಯ ಕಾಗದದ ಯುಎಸ್‌ಜಿಎಸ್ ನಕ್ಷೆಗಳು 1927ರ ಅಳತೆಯ ಆಧಾರದವು, ಫೋನು ಬೇರೆ ಆಧಾರ ಬಳಸುತ್ತದೆ. ಜಾಗವನ್ನು ಮೀಟರ್ ಲೆಕ್ಕದಲ್ಲಿ ಹೇಳುವ ಯುಟಿಎಂ ಅಂಕಿಗಳಲ್ಲಿ ಸುಮಾರು 200 ಮೀಟರ್ ವ್ಯತ್ಯಾಸ ಬರುತ್ತದೆ. ಕಾಗದದಿಂದ ಅಂಕಿ ತೆಗೆದರೆ ಯಾವ ಆಧಾರ ಅಂತ ಬರೆಯಿರಿ.

ನಕ್ಷೆಗಾರ:
ಇದಕ್ಕೆ ಎತ್ತರವನ್ನೂ ಸೇರಿಸಿ. ಮೋಯಾಬ್ ಹತ್ತಿರದ ಡೆಡ್ ಹಾರ್ಸ್ ಪಾಯಿಂಟ್‌ನ ಅಂಚಿನಿಂದ ಕೆಳಗೆ ಕೊಲೊರಾಡೋ ನದಿಗೆ ಸುಮಾರು 600 ಮೀಟರ್. ನಕ್ಷೆಯಲ್ಲಿ ಬಂಡೆಯಂಚಿನ ಮೇಲೆ, ಕೆಳಗೆ ಅಂತ ತಿಳಿಯಲ್ಲ, ಎಲ್ಲ ಒತ್ತಿ ಒಂದಾಗಿರುತ್ತದೆ. "ಬಂಡೆಯ ಬುಡದಲ್ಲಿ" ಅಂತ ಎರಡು ಪದ ಇದ್ದರೆ ಹಳೆಗುರುತು ಅವರಂಥವರಿಗೆ ಮುಂದೆ ಎಷ್ಟೋ ಸಹಾಯ.

ಫೀನಿಕ್ಸ್‌ಮಾಣಿ:
ನಮ್ಮ ಅರಿಜೋನಾದಲ್ಲಿ ಮರುಭೂಮಿ ಸಾಸಿವೆ ಅಂದರೆ ಜನ ಹಲ್ಲು ಕಡಿಯುತ್ತಾರೆ ಮಾರಾಯ್ರೆ. ಸಹಾರಾ ಮಸ್ಟರ್ಡ್, ಬ್ರಾಸಿಕಾ ಟೂರ್ನೆಫೋರ್ಟಿ. ಹೊರಗಿನಿಂದ ಬಂದದ್ದು. ಚಳಿಗಾಲದ ಮಳೆ ಬಿದ್ದ ತಕ್ಷಣ ಎಲ್ಲಕ್ಕಿಂತ ಮೊದಲು ಎದ್ದು ನೀರು, ಜಾಗ ಎಲ್ಲ ಹಿಡಿಯುತ್ತದೆ. ಇಲ್ಲಿನ ಕಾಡುಹೂಗಳಿಗೆ ಉಳಿಯುವುದೇ ಇಲ್ಲ. ಒಣಗಿದ ಮೇಲೆ ಬೆಂಕಿಗೆ ಸೌದೆ. ಅದರ ಚುಕ್ಕೆಯೂ ಹಾಕಿ, ಹೊಸ ಕಡೆ ಬಂದದ್ದು ಬೇಗ ಗೊತ್ತಾದರೆ ಕಿತ್ತು ಹಾಕಬಹುದು.

ಎಲೆಹಸಿರು:
ಸರಿಯಾದ ಮಾತು. ಚಂದದ ಹೂವಿಗೆ ಮಾತ್ರ ಕ್ಯಾಮೆರಾ ಎತ್ತುವುದು ನಮ್ಮೆಲ್ಲರ ಚಾಳಿ. ಹಾಗೆಯೇ ರಸ್ತೆ ಬದಿಯ ದಾಖಲೆಗಳೇ ಜಾಸ್ತಿ. ನಕ್ಷೆ ನೋಡಿದರೆ ಗಿಡ ರಸ್ತೆಯುದ್ದಕ್ಕೆ ಬೆಳೆಯುತ್ತದೆ ಅನ್ನಿಸುತ್ತದೆ, ಆದರೆ ಅಲ್ಲಿ ಬೆಳೆದದ್ದು ನಮ್ಮ ಓಡಾಟ. ಅದೇ ಬೂದುಮಣ್ಣು ಇದ್ದೂ ಗಿಡ ಇಲ್ಲದ ಜಾಗ ಕಂಡರೆ ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ ಕೆಂಪುಬಂಡೆ ಸರ್. "ಹುಡುಕಿದೆ, ಇಲ್ಲ" ಅನ್ನುವುದಕ್ಕೂ ಬೆಲೆ ಇದೆ.

ಧಾರವಾಡದಂವ:
ಇದೆಲ್ಲಾ ನಮ್ಮ ಬಾದಾಮಿ ಬಂಡಿ ಮ್ಯಾಲಿನ ಗಿಡಕ್ಕೂ ಮಾಡಬಹುದಲ್ರಿ? ಅಲ್ಲೂ ಕೆಂಪು ಮರಳುಗಲ್ಲು, ಅಲ್ಲೂ ಸಂದಿಯೊಳಗ ಫೋನು ಹಿಂಗೇ ಮಾಡ್ತದ.

ಎಲೆಹಸಿರು:
ಖಂಡಿತ ಮಾಡಿ ಅಣ್ಣಾ! ಐನ್ಯಾಚುರಲಿಸ್ಟ್ ಇಲ್ಲೂ ನಡೆಯುತ್ತದೆ, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಕೂಡ ಇದೆ. ಬಾದಾಮಿಗೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಕೆಂಪುಬಂಡೆ:
ಎಲ್ಲರಿಗೂ ತುಂಬ ಧನ್ಯವಾದ. ಹಳೆಯ ದಾಖಲೆಗಳನ್ನು ಒಂದೊಂದಾಗಿ ತೆಗೆದು ಚುಕ್ಕೆ ಸರಿಸುತ್ತಿದ್ದೇನೆ, ವೃತ್ತ ದೊಡ್ಡದು ಮಾಡುತ್ತಿದ್ದೇನೆ, ಮಣ್ಣಿನ ಬಣ್ಣ ಬರೆಯುತ್ತಿದ್ದೇನೆ. ಜಾಗ ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದೇನೆ. ಒಂದರಲ್ಲಿ ಮಾತ್ರ ಹಿಂದೆ ಬಂಡೆಯ ಕೆತ್ತನೆ ಕಾಣುತ್ತಿತ್ತು, ಆ ಫೋಟೋ ತೆಗೆದುಹಾಕಿದೆ. ಕೊನೆಯದಾಗಿ ಒಂದು: ಜುಲೈ ಕೊನೆಗೆ ಮತ್ತೆ ಹೋಗುತ್ತಿದ್ದೇನೆ. ಅಷ್ಟು ಹೊತ್ತಿಗೆ ಹೂ ಮುಗಿದಿದ್ದರೆ ದಾಖಲಿಸುವುದರಲ್ಲಿ ಅರ್ಥ ಇದೆಯಾ?

ಎಲೆಹಸಿರು:
ಇದೆ. ತೆಳ್ಳಗೆ ಉದ್ದಕ್ಕೆ ಬಾಗಿದ ಕಾಯಿಗಳು ಗೊಂಚಲ ತುಂಬ ಇರುತ್ತವೆ. ಮೇ ತಿಂಗಳಲ್ಲಿ ನೋಡಿದ ಅದೇ ಗಿಡಗಳಿಗೆ ಹೋಗಿ, ಕಾಯಿಯ ಫೋಟೋ ತೆಗೆದು ಹೊಸ ದಾಖಲೆ ಮಾಡಿ. ಹೂವೋ ಕಾಯಿಯೋ ಅನ್ನುವ ಗುರುತನ್ನೂ ಹಾಕಿ, ಯಾವ ತಿಂಗಳಲ್ಲಿ ಏನು ಅಂತ ಲೆಕ್ಕ ಸಿಗುತ್ತದೆ.

ಡೆನ್ವರ್‌ಕನ್ನಡತಿ:
ಜುಲೈನಲ್ಲಿ ಅಲ್ಲಿ ಬಿಸಿಲು 38 ಡಿಗ್ರಿ ದಾಟುತ್ತದೆ, ಬೆಳಗ್ಗೆ ಬೇಗ ಮುಗಿಸಿ. ಮಧ್ಯಾಹ್ನದ ಗುಡುಗುಮಳೆಯ ಕಾಲವೂ ಅದೇ. ದೂರದಲ್ಲಿ ಮಳೆ ಬಿದ್ದರೂ ಒಣಹಳ್ಳದಲ್ಲಿ ದಿಢೀರ್ ನೀರು ಬರುತ್ತದೆ. ಹೊರಡುವ ಮೊದಲು ಹವಾಮಾನ ನೋಡಿ.

ಕೆಂಪುಬಂಡೆ:
ಆಯ್ತು ಮೇಡಂ, ನೋಡಿಕೊಂಡೇ ಹೋಗುತ್ತೇನೆ. ಕಾಯಿಯ ಫೋಟೋ ಇಲ್ಲೇ ಹಾಕುತ್ತೇನೆ.